ಬೇರೆ ಒಲೆಯ ಅಯ್ಯನವರು

ರಾಮನಗರದಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ, ಮುಸಲ್ಮಾನರ ಮನೆಯ ಮದುವೆಯಲ್ಲಿ ಬಿರಿಯಾನಿ ಬೇಯುವ ದೇಗಿನಿಂದ ಇಪ್ಪತ್ತು ಮಾರು ಆಚೆ ಇನ್ನೊಂದು ಒಲೆ ಹೊಗೆಯಾಡುತ್ತಿದ್ದರೆ ಅದು ಪಂಚಾಕ್ಷರಯ್ಯನವರದೇ. ಹಿಂದೂ ನೆಂಟರಿಗೆಂದು ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಕೈ. ಅಯ್ಯನವರ ಕೈಯಡುಗೆ ಎಂದರೆ ಯಾವ ಜಾತಿಯವರೂ ತಕರಾರು ತೆಗೆಯುತ್ತಿರಲಿಲ್ಲ. ಹೀಗೆ ಮೂವತ್ತೆರಡು ವರ್ಷ ನಡೆದಿತ್ತು. ಹಿಂದೂಗಳ ಮದುವೆಗಳನ್ನೆಲ್ಲ ಕೇಟರಿಂಗ್‌ನವರು ಕಿತ್ತುಕೊಂಡ ಮೇಲೆ ಅವರಿಗೆ ಉಳಿದದ್ದು ಈ ಬೇರೆ ಒಲೆ ಒಂದೇ.

ಅವರಿಗೆ ಎರಡು ನೇಮಗಳಿದ್ದವು. ಬಡಿಸುವ ಮುಂಚೆ ರುಚಿ ನೋಡುತ್ತಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಅಪ್ಪ ಕಲಿಸಿದ್ದು ಅದು. ಉಪ್ಪಿಗೆ ಮುಷ್ಟಿಯೇ ಅಳತೆ. ಇನ್ನು ಎರಡನೆಯದು, ಈ ಮನೆಗಳಲ್ಲಿ ಉಣ್ಣುತ್ತಿರಲಿಲ್ಲ. ಯಾರಾದರೂ ಕರೆದರೆ, "ಹೊಗೆ ಕುಡ್ದೇ ಹೊಟ್ಟೆ ತುಂಬೈತೆ" ಎಂದು ನಕ್ಕು, ಸೌಟು ತೊಳೆದುಕೊಂಡು ಮನೆಗೆ ನಡೆಯುವರು. ತಮ್ಮ ಕೈಯಡುಗೆಯನ್ನೂ ಅಲ್ಲಿ ಮುಟ್ಟಿದವರಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ಅಮೀರುನ್ನೀಸಾ ಬಂದು ಮಗಳು ಕೆಹಕಶಾನ್ ಮದುವೆಗೆ ಅಡುಗೆ ಹೇಳಿದಾಗ ಅವರ ಮಂಡಿ ನೋವು ಜೋರಾಗಿತ್ತು. ಆಕೆ ಮೂವತ್ತು ವರ್ಷ ಕುದಿನೀರಿನಲ್ಲಿ ರೇಷ್ಮೆಗೂಡು ಬಿಚ್ಚಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕಾದ ಹೆಂಗಸು.

"ನೂರೈವತ್ತು ಎಲೆಗೆ ಮಾಡಿ ಅಯ್ನೋರೆ."

"ಕಾಲ ಹಂಗಿಲ್ಲ ಅಮೀರಮ್ಮ. ಹೋದ ತಿಂಗ್ಳು ಚನ್ನಪಟ್ಟಣದಾಗೆ ನೂರು ಎಲೆಗೆ ಮಾಡ್ದೆ. ಮೂವತ್ತೂ ಬೀಳ್ನಿಲ್ಲ. ಅರವತ್ತು ಸಾಕು."

"ನೂರೈವತ್ತು ಮನೇಲಿ ನಾನು ಉಂಡಿವ್ನಿ. ಅವರು ಬರೋದು ಬುಡೋದು ಅವರಿಗೆ ಸೇರಿದ್ದು. ಕರೆದು, ಎಲೆ ಸಾಲ್ದೆ ಒಬ್ರು ಎದ್ದೋದ್ರೆ ನಾನೆಂಗೆ ಈ ಬೀದೀಲಿ ತಲೆ ಎತ್ಲಿ?"

"ಉಳುದ್ರೆ?"

"ಉಳುದ್ರೆ ಗೊತ್ತಾಯ್ತದೆ ಬುಡಿ, ಇಷ್ಟು ವರ್ಷ ನಾನು ಯಾರ ಮಧ್ಯ ಇದ್ದೆ ಅಂತ."

ಮದುವೆಯ ದಿನ ಒಂದು ಗಂಟೆಗೆ ಎಲೆ ಹಾಕಿದರು. ಜನ ಬಾರದೆ ಇರಲಿಲ್ಲ. ಬಂದರು, ಮುಯ್ಯಿ ಕವರ್ ಕೊಟ್ಟರು, ಹುಡುಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಊಟ ಅಂದ ಕೂಡಲೇ ಒಬ್ಬರಿಗೆ ಶುಗರ್ರು, ಇನ್ನೊಬ್ಬರಿಗೆ ಒಪ್ಪತ್ತು, ಮತ್ತೊಬ್ಬರು ತಿಂದುಕೊಂಡೇ ಬಂದವರು. "ಅಂಗಾದ್ರೆ ಒಸಿ ಪಾಯಸನಾದ್ರೂ" ಎಂದು ಅಮೀರುನ್ನೀಸಾ ಗೇಟಿನವರೆಗೂ ಹಿಂದೆ ಹೋಗುವಳು. ಒಬ್ಬಳೇ ತಿರುಗಿ ಬರುವಳು. ಬಂದವಳ ಕಣ್ಣು ನೇರ ಹುಳಿಯ ಕೊಪ್ಪರಿಗೆಗೆ. ಅಯ್ಯನವರು ಅಷ್ಟರಲ್ಲಿ ಅದರ ಮೇಲೆ ತಟ್ಟೆ ಎಳೆದಿರುವರು.

ಎರಡೂವರೆಗೆ ಎಣಿಸಿದರೆ ಮೂವತ್ತೆಂಟು ಎಲೆ. ಕೂತವರೂ ತಲೆ ಬಗ್ಗಿಸಿ ಉಂಡು, "ಚೆನ್ನಾಗೈತೆ" ಎಂದು ಕೈ ತೊಳೆದು ಹೊರಟಿದ್ದರು. ಆಕೆ ಕುರ್ಚಿ ಎಳೆದುಕೊಂಡು ಒಲೆಯ ಪಕ್ಕ ಕೂತಳು. ತಟ್ಟೆ ಸರಿಸಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಆಗ ಬಂದವಳು ಸಾತನೂರಿನ ಚಿಕ್ಕಲಕ್ಷ್ಮಮ್ಮ. ಹಿಪ್ಪುನೇರಳೆ ಬೆಳೆದು ಹುಳ ಸಾಕುವವಳು, ಹದಿನೈದು ವರ್ಷದಿಂದ ಗೂಡಿನ ಮಾರ್ಕೆಟ್ಟಿನಲ್ಲಿ ಅಮೀರುನ್ನೀಸಾಳಿಗೆ ಮುಖಪರಿಚಯ, ಆಮೇಲೆ ಜಗಳ, ಆಮೇಲೆ ಸ್ನೇಹ.

"ಬಸ್ಸು ಕೆಟ್ಟೋಯ್ತು ಕಣಕ್ಕ. ಹೊಟ್ಟೆ ತಾಳ ಹಾಕ್ತೈತೆ, ಮೊದ್ಲು ಎಲೆ ಹಾಕ್ಸು, ಹುಡ್ಗೀನ ಆಮೇಲೆ ನೋಡ್ತೀನಿ."

ಕೂತಳು, ಕಲಸಿದಳು, ಒಂದು ತುತ್ತು ಬಾಯಿಗಿಟ್ಟಳು. ಇಡೀ ಶಾಮಿಯಾನಕ್ಕೆ ಕೇಳುವಂತೆ ಕೂಗಿದಳು: "ಏನಯ್ನೋರೆ, ರಾಮನಗರದಾಗೆ ಉಪ್ಪಿಗೆ ಬರ ಬಂದೈತಾ? ಸಪ್ಪೆ ಸಪ್ಪೆ. ಬಾಣಂತಿಗಿಕ್ಕೋ ಸಾರಿದು."

ಅಮೀರುನ್ನೀಸಾ ಎದ್ದು ಉಪ್ಪಿಗೆ ಓಡಿದಳು. ಅರ್ಧ ದಾರಿಯಲ್ಲಿ ನಿಂತು ನಕ್ಕುಬಿಟ್ಟಳು. ಬೆಳಗಿನಿಂದ ಆ ಮುಖದಲ್ಲಿ ನಗು ಇರಲಿಲ್ಲ.

"ಉಪ್ಪು ಕಮ್ಮಿ ಆಗಕ್ಕಿಲ್ಲ," ಅಂದರು ಅಯ್ಯನವರು. "ಎಂಟು ಮುಷ್ಟಿ ಹಾಕಿವ್ನಿ. ಮೂವತ್ತೆರಡು ವರ್ಷದ ಅಳತೆ."

"ಅಳತೆ ಅದೇ ಇರ್ಬೋದು, ಕೈ ಅದೇ ಐತಾ?" ಅಂದಳು ಚಿಕ್ಕಲಕ್ಷ್ಮಮ್ಮ. "ನೋಡ್ಕಳಿ, ಸೊರಗಿ ಕೋಳಿ ಕಾಲಾಗೈತೆ."

ಅಮೀರುನ್ನೀಸಾ ಮೆಲ್ಲಗೆ ಹೇಳಿದಳು. "ಕಮ್ಮೀನೇ ಅಯ್ನೋರೆ. ನಮ್ಮಕ್ಕನ ಮಗನ ಮದ್ವೇಲೂ ಕಮ್ಮಿ ಇತ್ತು, ಉಳಿದದ್ದ ನಾವೇ ಉಂಡ್ವಲ್ಲ. ಬಂದೋರು ಯಾರೂ ಅನ್ನಲಿಲ್ಲ. ಬೇರೇರ ಮನೆ ಅಂತ ಉಂಡು ಎದ್ದೋದ್ರು."

"ನಂಬ್ಕೆ ಇಲ್ದಿದ್ರೆ ಕೂತ್ಕಂಡು ಉಂಡ್ ನೋಡಿ," ಎಂದು ಚಿಕ್ಕಲಕ್ಷ್ಮಮ್ಮ ಪಕ್ಕದ ಎಲೆ ತಟ್ಟಿದಳು.

ಹೊಗೆಯ ಮಾತು ಅಯ್ಯನವರ ಬಾಯಿಗೆ ಬಂತು. ಬೆಳಗಿನಿಂದ ಕೇಳಿದ ಶುಗರ್ರು, ಒಪ್ಪತ್ತುಗಳ ಸಾಲಿನಲ್ಲಿ ಅದೂ ಹೋಗಿ ನಿಂತುಕೊಂಡಿತು. ಆಡಲಾಗಲಿಲ್ಲ. ಸೌಟು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಬಂದು ಕೂತರು. ಅಮೀರುನ್ನೀಸಾ ಬಡಿಸಿದಳು. ಅವರು ಕಣ್ಣು ಮುಚ್ಚಿ ಒಂದು ತುತ್ತು ಉಂಡರು.

"ಹೌದು. ಸಪ್ಪೆ," ಅಂದರು. ಚಿಟಿಕೆ ಉಪ್ಪು ಬೆರೆಸಿಕೊಂಡು ಎಲೆ ಪೂರ್ತಿ ಮುಗಿಸಿದರು.

ಕೈ ತೊಳೆಯುವಾಗ ಕೇಳಿದರು. "ಮಗಳ ಮದ್ವೆ ಆಯ್ತಲ್ಲ ತಾಯಿ, ಸಮಾಧಾನವಾ?"

ಆಕೆ ಕೊಪ್ಪರಿಗೆಯ ತಟ್ಟೆ ತೆಗೆದು ನೋಡಿದಳು. ಮುಕ್ಕಾಲು ಹಾಗೇ ಇತ್ತು. ಸಾಲಿನಲ್ಲಿ ಉಂಡು ಬರಿದಾಗಿ ಬಿದ್ದಿದ್ದ ಕೊನೆಯ ಎರಡು ಎಲೆಗಳನ್ನೂ ನೋಡಿದಳು.

"ಒಸಿ," ಅಂದಳು.

ಅಯ್ಯನವರು ಉಪ್ಪಿನ ಪೊಟ್ಟಣ ಬಿಚ್ಚಿ, ಕೊಪ್ಪರಿಗೆಗೆ ಇನ್ನೆರಡು ಮುಷ್ಟಿ ಹಾಕಿ ಕಲಕತೊಡಗಿದರು.