ಊಟದ ನಂತರದ ಗೋಷ್ಠಿಯಲ್ಲಿ ಕೇಳಿಬಂದ ಪ್ರಶ್ನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ರಸಾಯನಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವನು. ಯಾರಾದರೂ ದೆವ್ವ ಕಂಡ ಸುದ್ದಿ ತೆಗೆದರೆ "ಎಷ್ಟು ಕುಡಿದಿದ್ದಿರಿ?" ಎಂದು ಕೇಳಿ ಕಥೆಯ ಕುತ್ತಿಗೆಯನ್ನು ಅಲ್ಲೇ ಹಿಸುಕುತ್ತಿದ್ದೆ. ನಮ್ಮ ನರಿಕೊಂಬಿನ ಮನೆಯಲ್ಲಿ ಅಂಥ ಮಾತುಕತೆಗೆ ನನ್ನನ್ನು ಸೇರಿಸಿಕೊಳ್ಳುವುದನ್ನೇ ಬಿಟ್ಟಿದ್ದರು. ದೈವಗಳ ವಿಷಯ ಬೇರೆ. ಅಲ್ಲಿ ನಾನು ತರ್ಕಕ್ಕೆ ಹೋಗದೆ ಎಲ್ಲರ ಜೊತೆ ನಿಂತು ಕೈ ಮುಗಿಯುತ್ತೇನೆ. ಆದರೆ ಜನವಿಲ್ಲದ ಕಡೆಯಿಂದ ದನಿ ಕೇಳಿತು ಎನ್ನುವವರನ್ನು ಕಂಡರೆ ನಗು ತಡೆಯಲಾಗುತ್ತಿರಲಿಲ್ಲ. ಈಗ ಆ ನಗು ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಇಂಥ ಕಥೆಗಳಿಗೆ ಕತ್ತಲೆ ಬೇಕು, ನಾಯಿ ಊಳಿಡಬೇಕು. ನನ್ನ ಅನುಭವದಲ್ಲಿ ಅದೊಂದೂ ಇಲ್ಲ. ಹಾಡುಹಗಲು, ಮೂಡಬಿದಿರೆಯ ಹತ್ತಿರದ ನಮ್ಮ ಕಾಲೇಜಿನ ಸಭಾಂಗಣ, ಪಾಯಸ ಹೊಡೆದು ತೂಕಡಿಸುತ್ತಾ ಕುಳಿತ ಜನ. ಭಯಪಡಲು ಇಷ್ಟು ಒಗ್ಗದ ಜಾಗ ಇನ್ನೊಂದು ಸಿಗಲಾರದು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸ್ನಾತಕೋತ್ತರ ರಸಾಯನಶಾಸ್ತ್ರ ವಿಭಾಗದಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ವಿಚಾರಗೋಷ್ಠಿ ನಡೆಯುತ್ತದೆ. ಬಂಟ್ವಾಳ, ಬೆಳ್ತಂಗಡಿ ಕಡೆಯ ಕಾಲೇಜುಗಳಿಂದಲೂ ಮಕ್ಕಳು ಬರುತ್ತಾರೆ. ಹೆಸರಿಗೆ ಗೋಷ್ಠಿ, ನಡೆಯುವುದು ಮದುವೆ ಮನೆಯ ಹಾಗೆ. ಹುಡುಗಿಯರೆಲ್ಲ ಸೀರೆ ಉಟ್ಟು ಒಬ್ಬರ ನೆರಿಗೆಯನ್ನು ಇನ್ನೊಬ್ಬರು ಸರಿಮಾಡುತ್ತಿದ್ದರು. ಬಾಗಿಲಲ್ಲಿ ಬೆಂಜೀನ್ ಅಣುವಿನ ಆರು ಮೂಲೆಯ ರಂಗೋಲಿ ಬಿಡಿಸಿದ್ದರು. ಉತ್ಸಾಹ ಹೆಚ್ಚಾಗಿ, ನಾಲ್ಕೇ ಕೈ ಇರಬೇಕಾದ ಕಾರ್ಬನ್ನೊಂದಕ್ಕೆ ಅದರಲ್ಲಿ ಐದು ಕೈ ಬಂದಿತ್ತು. ತೀರ್ಪುಗಾರರಾಗಿ ಬಂದ ಧಾರವಾಡ ಕಡೆಯ ಹಿರಿಯ ಪ್ರಾಧ್ಯಾಪಕರು ಅದನ್ನು ನೋಡಿ, "ಇದು ಯಾವ ದೇವರ್ರೀ?" ಎಂದು ಕೇಳಿ ಒಳಗೆ ಬಂದರು. ಆ ನಗುವಿನಲ್ಲೇ ದಿನ ಶುರುವಾಯಿತು.

ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಪ್ರಬಂಧ ಓದಿದ ಮೇಲೆ "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಾಗ ಸಭೆ ಗಪ್ಪಾದರೆ ಮರ್ಯಾದೆ ಹೋಗುತ್ತದೆ. ಅದಕ್ಕೆ ಸಂಘಟಕರೇ ನಾಲ್ಕಾರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ನಂಬಿಕಸ್ಥ ಹುಡುಗರ ಕೈಗೆ ಕೊಟ್ಟು ಅಲ್ಲಲ್ಲಿ ಕೂರಿಸುವುದು. ಎಲ್ಲ ಕಾಲೇಜಿನವರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಆ ವರ್ಷ ಚೀಟಿ ಹಂಚುವ ಕೆಲಸ ನನ್ನದಾಗಿತ್ತು.

ನನ್ನ ಕಾಳಜಿಯೆಲ್ಲ ಪವಿತ್ರಾಳ ಮೇಲಿತ್ತು. ಕೊಕ್ಕಡದ ಕಡೆಯ ಹುಡುಗಿ, ಎರಡನೇ ವರ್ಷದ ಎಂ.ಎಸ್ಸಿ. ಮನೆಯಲ್ಲಿ ಸ್ವಲ್ಪ ರಬ್ಬರ್ ತೋಟ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡಲು ಎಲ್ಲರೂ ಅಂಗಡಿಯ ಆಸಿಡ್ ಹಾಕುತ್ತಾರೆ. ಇವಳು ಅದರ ಬದಲು ಬಿಂಬುಳಿಯ ರಸ ಹಾಕಿದ್ದಳು. ಮೀನು ಸಾರಿಗೆ, ಉಪ್ಪಿನಕಾಯಿಗೆ ಹಾಕುವ, ಕಚ್ಚಿದರೆ ಕಿವಿಯವರೆಗೆ ಹುಳಿ ಹತ್ತುವ ಅದೇ ಕಾಯಿ. ದನದ ಹಾಲು ಹುಳಿಗೆ ಒಡೆಯುವುದಾದರೆ ರಬ್ಬರಿನ ಹಾಲು ಯಾಕೆ ಒಡೆಯಬಾರದು ಎನ್ನುವುದು ಅವಳ ವಾದ. ಒಡೆದೂ ಇತ್ತು. ಆದರೆ ಆ ಶೀಟು ಎಷ್ಟು ಗಟ್ಟಿ ಎಂದು ಎಳೆದು ನೋಡುವ ಯಂತ್ರ ನಮ್ಮಲ್ಲಿಲ್ಲ. ಹಾಸ್ಟೆಲಿನ ಕಿಟಕಿಗೆ ಕಟ್ಟಿ ಗೆಳತಿಯರ ಜೊತೆ ಜಗ್ಗಿ ನೋಡಿ ವಾರ್ಡನ್ನಿಂದ ಬೈಸಿಕೊಂಡಿದ್ದಳು. ಗೋಷ್ಠಿಯಲ್ಲಿ ಮೊದಲು ಬಂದವರಿಗೆ ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದರಲ್ಲಿ ಬೇಸಿಗೆಯ ತರಬೇತಿ ಸಿಗುವುದಿತ್ತು. ಅಲ್ಲಿ ಆ ಯಂತ್ರ ಇತ್ತು. ಸಿಗದಿದ್ದರೆ ಈ ಹುಚ್ಚು ಬಿಟ್ಟು ಬಿ.ಎಡ್.ಗೆ ಸೇರುವುದೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅವಳ ತೊಂದರೆ ಒಂದೇ, ಸಭಾಕಂಪನ. ಇಡೀ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಳು. ಕನ್ನಡದಲ್ಲೇ ಹೇಳು, ನಿಯಮದಲ್ಲಿ ಅವಕಾಶ ಉಂಟು ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. "ಕನ್ನಡದಲ್ಲಿ ಹೇಳಿದ್ರೆ ಅದು ರಬ್ಬರ್ ಹಾಲಿನ ಕಥೆ ಆಗ್ತದೆ ಸರ್, ಪ್ರಬಂಧ ಆಗುವುದಿಲ್ಲ" ಎಂದಳು.

ಊಟದ ನಂತರದ ಗೋಷ್ಠಿಯ ಪಾಡು ನಿಮಗೆ ಗೊತ್ತೇ ಇದೆ. ಪವಿತ್ರಾಳಿಗಿಂತ ಮೊದಲು ಬೆಳ್ತಂಗಡಿಯ ಒಬ್ಬ ಹುಡುಗ ಸೌರಕೋಶದ ಬಗ್ಗೆ ಮಾತಾಡಿ ಮುಗಿಸಿದ. ಪ್ರಶ್ನೆಗಳುಂಟಾ ಎಂದ ಕೂಡಲೇ ನನ್ನ ನಂಬಿಕಸ್ಥರಲ್ಲೊಬ್ಬ ನಿದ್ದೆಯಿಂದ ಗಡಬಡಿಸಿ ಎದ್ದು, ಚೀಟಿ ನೋಡಿ, ಸೌರಕೋಶದವನಿಗೆ "ಬಿಂಬುಳಿ ವರ್ಷವಿಡೀ ಸಿಗ್ತದಾ?" ಎಂದು ಕೇಳಿಬಿಟ್ಟ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಸೌರಕೋಶದವನು ಪಾಪ, "ನಮ್ಮ ಮನೆಯಲ್ಲಿ ಸಿಗ್ತದೆ" ಎಂದ. ಪವಿತ್ರಾಳಿಗೆಂದು ಕೊಟ್ಟ ಇನ್ನೊಂದು ಚೀಟಿ ಹಿಡಿದಿದ್ದವನು ಇದನ್ನು ನೋಡಿಯೇ ಧೈರ್ಯಗೆಟ್ಟು ಹೊರಗೆ ಹೋದ.

ಪವಿತ್ರಾ ಎದ್ದು ಬಂದಳು. ಎರಡನೇ ಚಿತ್ರ ಪರದೆಯ ಮೇಲೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರಿನಿಂದ ಫ್ಯಾನು ತಿರುಗುತ್ತಿತ್ತು, ಪ್ರೊಜೆಕ್ಟರೂ ಮೈಕೂ ಸತ್ತವು. ಅವಳ ಬಾಯಿಪಾಠ ಪರದೆಯ ಚಿತ್ರಗಳಿಗೆ ಅಂಟಿಕೊಂಡಿತ್ತು. ಚಿತ್ರ ಹೋದದ್ದೇ ಮಾತೂ ಹೋಯಿತು. ತಲೆ ತಗ್ಗಿಸಿ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅಷ್ಟು ಹೊತ್ತು ನಗುತ್ತಿದ್ದ ಸಭೆ ಈಗ ಉಸಿರು ಬಿಗಿಹಿಡಿದು ಕುಳಿತಿತು. ನಾನು ವೇದಿಕೆಯ ಪಕ್ಕದಲ್ಲಿ ನೆಲ ನೋಡುತ್ತಾ ನಿಂತಿದ್ದೆ. ಇನ್ನು ಅವಳು ಇಳಿದು ಹೋಗುವುದೊಂದೇ ಬಾಕಿ ಎನ್ನಿಸಿತು.

ಆಗ ಆ ಪ್ರಶ್ನೆ ಬಂತು. ಜೋರಾಗಿ ಅಲ್ಲ, ಪಕ್ಕದ ಮನೆಯವರು ಬೇಲಿಯ ಹತ್ತಿರ ನಿಂತು ವಿಚಾರಿಸುವ ಹಾಗೆ. ಮೊದಲ ಸಲ ನೀನು ಹಾಲಿಗೆ ಬಿಂಬುಳಿ ಹಿಂಡಿದ್ದು ಅಡಿಗೆಮನೆಯ ಚೊಂಬಿನಲ್ಲಲ್ಲವಾ, ಅದು ಮತ್ತೆ ಚೊಂಬಿನಿಂದ ಹೊರಗೆ ಬಂತಾ?

ಪವಿತ್ರಾ ತಲೆ ಎತ್ತಿದಳು. ಮುಖದ ಮೇಲೆ ನಗು ಹರಡಿತು. "ಬರ್ಲಿಲ್ಲ!" ಎಂದಳು ಕನ್ನಡದಲ್ಲಿ. "ಚೊಂಬಿನ ಬಾಯಿ ಸಣ್ಣದು. ರಬ್ಬರು ಒಳಗೆ ಚೆಂಡಿನ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿತು. ಅಮ್ಮನಿಗೆ ಗೊತ್ತಾಗಬಾರದು ಅಂತ ಕಟ್ಟಿಗೆಯ ಅಡಿಯಲ್ಲಿ ಅಡಗಿಸಿಟ್ಟಿದ್ದೇನೆ. ಅಮ್ಮ ಪಕ್ಕದ ಮನೆಯವರ ಮೇಲೆ ಸಂಶಯಪಡ್ತಾ ಇದ್ದಾರೆ."

ಸಭಾಂಗಣ ಹಾರಿಹೋಗುವಂಥ ನಗು! ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಎಷ್ಟು ಕಾಯಿಗೆ ಎಷ್ಟು ರಸ, ಯಾವ ಶೀಟಿಗೆ ಬೂಸಲು ಹಿಡಿಯಿತು, ಯಾವುದು ಅಂಟಂಟಾಯಿತು ಎಂದು ಕೈ ಬೀಸಿ ಬೀಸಿ ವಿವರಿಸಿದಳು. ಮಕ್ಕಳೇ ಎದ್ದೆದ್ದು ಚೀಟಿಯಿಲ್ಲದೆ ಪ್ರಶ್ನೆ ಕೇಳಿದರು. ಕರೆಂಟು ಬಂದರೂ ಪ್ರೊಜೆಕ್ಟರ್ ಹಾಕಲು ಯಾರಿಗೂ ನೆನಪಾಗಲಿಲ್ಲ. ಮೊದಲ ಸ್ಥಾನ ಅವಳಿಗೇ ಬಂತು. ಹಾಸ್ಟೆಲಿನ ಹುಡುಗಿಯರು ಅವಳನ್ನು ಎತ್ತಿ ಕುಣಿಸಿದರು. ನನಗೂ ಕುಣಿಯಬೇಕೆನ್ನಿಸಿತ್ತು, ಮೇಷ್ಟ್ರ ಗಾಂಭೀರ್ಯ ಅಡ್ಡ ಬಂತು.

ಚಹಾ ಕುಡಿಯುವಾಗ ತೀರ್ಪುಗಾರರು ನನ್ನ ಬೆನ್ನು ತಟ್ಟಿದರು. "ಛಲೋ ಪ್ರಶ್ನಿ ಕೇಳಿದ್ರಿ ಸರ್. ಹುಡುಗಿ ಜೀವ ಉಳಿಸಿದ್ರಿ ನೋಡ್ರಿ."

"ನಾನಲ್ಲ ಸರ್, ಕೇಳಿದ್ದು ನಮ್ಮ ಮೇಡಂ" ಎಂದೆ. ನನಗೆ ಆ ದನಿ ಬಾಗಿಲ ಬಳಿ ಕುಳಿತಿದ್ದ ವಿಭಾಗದ ಮುಖ್ಯಸ್ಥೆಯ ಕಡೆಯಿಂದ ಬಂದ ಹಾಗೆ ಕೇಳಿಸಿತ್ತು, ಹೆಂಗಸಿನ ದನಿ.

ಮೇಡಂ ಬಿಸ್ಕತ್ತು ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ನೋಡಿದರು. "ನಾನಾ? ನಾನು ಬಾಯಿಯೇ ಬಿಡ್ಲಿಲ್ಲ. ತೀರ್ಪುಗಾರರೇ ಕೇಳಿದ್ದಲ್ವಾ? ಗಂಡಸಿನ ಸ್ವರ, ಎದುರಿನ ಸಾಲಿನಿಂದ ಬಂತು."

ನಾವು ನಕ್ಕೆವು. ಯಾರೋ ಹುಡುಗರಿರಬೇಕು ಎಂದುಕೊಂಡು ವಿಚಾರಿಸಿದೆವು. ಎಲ್ಲರಿಗೂ ಪ್ರಶ್ನೆ ಕೇಳಿಸಿತ್ತು, ಮಾತೂ ಅದೇ. ಆದರೆ ಒಬ್ಬೊಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಿದರು. ಕೊನೆಗೆ ಪವಿತ್ರಾಳನ್ನೇ ಕೇಳಿದೆ. ಚೊಂಬಿನ ವಿಷಯ ಯಾರಿಗೆ ಹೇಳಿದ್ದೆ?

"ಯಾರಿಗೂ ಹೇಳ್ಲಿಲ್ಲ ಸರ್. ಅಮ್ಮನಿಗೇ ಗೊತ್ತಿಲ್ಲ ಅಂದ ಮೇಲೆ ಬೇರೆ ಯಾರಿಗೆ ಹೇಳುವುದು? ನೀವ್ಯಾರೋ ಹೇಗೋ ಕಂಡುಹಿಡಿದಿದ್ದೀರಿ ಅಂತ ತಿಳ್ಕೊಂಡೆ." ಮತ್ತೆ ಸೇರಿಸಿದಳು, "ಆದ್ರೆ ನೀವು ಕ್ಲಾಸಿನಲ್ಲಿ ತುಳು ಮಾತಾಡುವುದಿಲ್ಲವಲ್ಲ. ಅದು ತುಳುವಿನಲ್ಲಿ ಕೇಳಿದ್ದು."

ನಾನು ಕೇಳಿಸಿಕೊಂಡದ್ದು ಕನ್ನಡ. ತೀರ್ಪುಗಾರರಿಗೆ ತುಳುವಿನ ಒಂದಕ್ಷರ ಬಾರದು, ಆದರೂ ಪ್ರಶ್ನೆ ಛಲೋ ಎಂದು ಎಲ್ಲರಿಗಿಂತ ಮೊದಲು ಮೆಚ್ಚಿದವರು ಅವರೇ.

ಮರುದಿನ ನೌಫಲ್ ವಿಭಾಗಕ್ಕೆ ಬಂದ. ಬಂಟ್ವಾಳದ ಹುಡುಗ, ಪವಿತ್ರಾಳ ಸಹಪಾಠಿ. ಯಾವ ಕಾರ್ಯಕ್ರಮವಿದ್ದರೂ ಆರಂಭದಿಂದ ವಂದನಾರ್ಪಣೆಯವರೆಗೆ ಮೊಬೈಲಿನಲ್ಲಿ ಹಿಡಿಯುವುದು ಅವನ ಚಾಳಿ. ಯಾವಾಗಲೂ ಕಿಸಿಯುತ್ತಿರುವವನು ಅಂದು ಗಂಭೀರವಾಗಿದ್ದ. "ಸರ್, ನಿಮಗೆ ಒಂದು ತೋರಿಸ್ಲಿಕ್ಕುಂಟು" ಎಂದ.

ನೋಡಿದೆ. ಪವಿತ್ರಾ ತಲೆ ತಗ್ಗಿಸಿ ನಿಂತಿದ್ದಾಳೆ. ಫ್ಯಾನಿನ ಸದ್ದು ಕೇಳುತ್ತದೆ, ಯಾರೋ ಕೆಮ್ಮುತ್ತಾರೆ, ಹೊರಗೆ ಕಾಗೆ ಕೂಗುತ್ತದೆ. ಆಮೇಲೆ, ಯಾವ ಮಾತೂ ಇಲ್ಲದೆ, ಸಭೆಯ ತಲೆಗಳೆಲ್ಲ ಒಮ್ಮೆಲೇ ತಿರುಗುತ್ತವೆ. ಒಂದೇ ಕಡೆಗಲ್ಲ. ಕೆಲವರು ಹಿಂದಕ್ಕೆ, ಕೆಲವರು ಕಿಟಕಿಯತ್ತ, ತೀರ್ಪುಗಾರರು ನನ್ನತ್ತ, ನಾನು ಬಾಗಿಲಿನತ್ತ. ಪವಿತ್ರಾ ಮಾತ್ರ ನಡುವಿನ ಖಾಲಿ ದಾರಿಯನ್ನು ನೇರ ನೋಡಿ ನಗುತ್ತಾಳೆ. "ಬರ್ಲಿಲ್ಲ!" ಎನ್ನುತ್ತಾಳೆ. ಸಭೆ ನಗುತ್ತದೆ. ಪ್ರಶ್ನೆ ಎಲ್ಲೂ ಇಲ್ಲ.

ವಿಡಿಯೊವನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ನೋಡಿದೆ. ಹೆದರಿಕೆ ಮಾತ್ರ ಆಗಲಿಲ್ಲ, ಅದೇ ಆಶ್ಚರ್ಯ. ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಹೆದರುವುದು ಹೇಗೆ? ಭೌತಶಾಸ್ತ್ರದ ಗೆಳೆಯ, ಮೊಬೈಲು ದೂರದ ದನಿಯನ್ನು ಅಳಿಸಿಹಾಕುತ್ತದೆ ಎಂದ. ಹಾಗಾದರೆ ಹೊರಗಿನ ಕಾಗೆಯನ್ನು ಯಾಕೆ ಅಳಿಸಲಿಲ್ಲ ಎಂದು ಕೇಳಿದೆ. ಇನ್ನೊಬ್ಬರು, ಎಲ್ಲರ ಮನಸ್ಸಿಗೂ ಒಟ್ಟಿಗೆ ಭ್ರಮೆಯಾಗಿರಬಹುದು ಎಂದರು. ಆಗಿರಬಹುದು, ಆದರೆ ಕಟ್ಟಿಗೆಯಡಿಯ ಚೊಂಬು ಭ್ರಮೆಯಲ್ಲವಲ್ಲ. "ಹೋಗ್ಲಿ ಬಿಡು ಮಾರಾಯ" ಎಂದು ಇಬ್ಬರೂ ಕೈ ಚೆಲ್ಲಿದರು.

ಪವಿತ್ರಾ ಬೆಂಗಳೂರಿಗೆ ಹೋದಳು, ಶೀಟನ್ನು ಯಂತ್ರಕ್ಕೆ ಕೊಟ್ಟು ಎಳೆಸಿದಳು. ಪರವಾಗಿಲ್ಲ ಎನ್ನುವಷ್ಟು ಗಟ್ಟಿ ಎಂದು ತಿಳಿಯಿತು. ಅದಕ್ಕೇ ಅವಳು ಫೋನಿನಲ್ಲಿ ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಿ.ಎಡ್. ಸುದ್ದಿ ಮತ್ತೆ ಬರಲಿಲ್ಲ. ಈಗ ಸಂಶೋಧನೆ ಮಾಡುತ್ತಿದ್ದಾಳೆ, ಆಗಾಗ ಫೋನ್ ಮಾಡುತ್ತಾಳೆ. ನಾನು ಪ್ರತಿ ಸಲವೂ ಕೇಳುತ್ತೇನೆ, ಅದು ಯಾರಿರಬಹುದು ಪವಿತ್ರಾ, ಏನಾದರೂ ಹೊಳೆಯಿತಾ?

ಕಳೆದ ಸಲ ಅವಳು ಜೋರಾಗಿ ನಕ್ಕಳು. "ಸರ್, ಆ ಪ್ರಶ್ನೆ ಕೇಳಿದ್ದು ಯಾರು ಅಂತಲೇ ನೀವು ಯಾವಾಗಲೂ ಕೇಳ್ತೀರಿ. ನಾನು ಅಷ್ಟು ಹೊತ್ತು ಸುಮ್ಮನೆ ನಿಂತಿದ್ದೆ. ಅಲ್ಲಿ ನೀವಿದ್ರಿ, ಮೇಡಂ ಇದ್ರು, ನನ್ನ ಫ್ರೆಂಡ್ಸ್ ಎಲ್ಲ ಇದ್ರು. ಒಬ್ಬರಾದ್ರೂ ಏನಾದ್ರೂ ಒಂದು ಕೇಳಬಹುದಿತ್ತಲ್ಲ? ನೀವೆಲ್ಲ ಯಾಕೆ ಕೇಳ್ಲಿಲ್ಲ?"

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಬರೀ ತಮಾಷೆ. ನಾನೂ ನಕ್ಕು ಫೋನ್ ಇಟ್ಟೆ. ಆ ಮಧ್ಯಾಹ್ನದ ದನಿ ಯಾರದೆಂದು ನನಗೆ ಇವತ್ತಿಗೂ ತಿಳಿಯದು. ಪವಿತ್ರಾ ಕೇಳಿದ್ದಕ್ಕೂ ಇನ್ನೂ ಉತ್ತರ ಸಿಕ್ಕಿಲ್ಲ.