ಹದಿನೇಳನೇ ನಂಬರಿನ ರಕ್ತ

ಕೀಲುನೋವಿನ ಸಂಶೋಧನೆಗೆಂದು ಹೊಸಪೇಟೆಗೆ ಬಂದ ಮೊದಲ ವರ್ಷ ನಾನು ತಿಂಗಳಿಗೊಮ್ಮೆ ಕಂಪ್ಲಿಗೆ ಹೋಗಿ ರೋಗಿಗಳ ರಕ್ತ ತರುತ್ತಿದ್ದೆ. ಅಲ್ಲಿನ ಹಿರಿಯ ವೈದ್ಯರೊಬ್ಬರು ತಮ್ಮ ದವಾಖಾನೆಯ ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಒಬ್ಬ ಹೆಣ್ಣುಮಗಳು ಅಲ್ಲಿಗೆ ಬಂದಳು, ತಂಗಿಯ ಜೊತೆ. ಮೂವತ್ತು ದಾಟಿರಬೇಕು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಎರಡೂ ಕೆನ್ನೆಗಳ ಮೇಲೆ ಕೆಂಪು ಕಲೆ.

“ಕತ್ರಿ ಹಿಡಿಯಾಕ ಆಗವಲ್ದ್ರಿ ಮೇಡಂ. ಮುಂಜಾನೆ ಬೆರಳು ಮಡಚಿದ್ರ ಬಿಚ್ಚಂಗಿಲ್ಲ” ಎಂದಳು. ನಾನು ರಕ್ತ ತೆಗೆಯುವಾಗ ಮುಖ ತಿರುಗಿಸದೆ ನೋಡುತ್ತಿದ್ದಳು. “ಇದ್ರಾಗ ಏನ್ ಸಿಗತೈತ್ರಿ?”

“ಏನರ ಸಿಕ್ರ ಹೇಳ್ತೀನಮ್ಮ.”

“ಹೇಳ್ರಿ ಮತ್ತ. ಮರೀಬ್ಯಾಡ್ರಿ.”

ಸಂಶೋಧನೆಯಲ್ಲಿ ರಕ್ತಕ್ಕೆ ಹೆಸರಿರುವುದಿಲ್ಲ, ನಂಬರಿರುತ್ತದೆ. ಹೆಸರಿನ ಪಟ್ಟಿ ಬೀರುವಿನಲ್ಲಿ, ಬೀಗದೊಳಗೆ. ಆಕೆಯ ನಂಬರು ಹದಿನೇಳು. ಲೂಪಸ್ ಎಂಬ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಅದರ ಗುರುತು ಸಿಕ್ಕರೆ ಪರೀಕ್ಷೆಯ ತಟ್ಟೆಯಲ್ಲಿ ಆ ರಕ್ತ ಹಾಕಿದ ಪುಟ್ಟ ಕುಳಿ ಹಳದಿಯಾಗುತ್ತದೆ. ಹದಿನೇಳನೆಯದು ಎಲ್ಲಕ್ಕಿಂತ ಮೊದಲು ಹಳದಿಯಾಯಿತು, ಕಡುಹಳದಿ. ಮೂತ್ರಪಿಂಡಕ್ಕೆ ಅಪಾಯವಿದೆ ಎಂಬ ಸೂಚನೆ ಅದು. ನನಗದು ಗೊತ್ತಿತ್ತು. ಆದರೂ ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು, ಎಂಥ ಒಳ್ಳೆಯ ಸ್ಯಾಂಪಲ್ ಸಿಕ್ಕಿತು ಎಂಬ ಖುಷಿ.

ಯಾವ ನಂಬರು ಯಾರದೆಂದು ಸಂಶೋಧನೆಯ ಕೊನೆಗೆ ಒಟ್ಟಿಗೆ ನೋಡುವುದು ನಮ್ಮ ನಿಯಮವಾಗಿತ್ತು. ಬೀರುವಿನ ಕೀಲಿ ನನ್ನ ಹತ್ತಿರವೇ ಇತ್ತು. ತೆಗೆಯಲಿಲ್ಲ. ಒಂದು ಸಮ್ಮೇಳನಕ್ಕೆ ಹೋಗಿಬಂದೆ, ಪ್ರಬಂಧ ಬರೆದೆ, ಎರಡು ತಿಂಗಳು ಕಂಪ್ಲಿಗೆ ಹೋಗುವುದಾಗಲಿಲ್ಲ.

ಮೂರನೆಯ ತಿಂಗಳು ಹೋದಾಗ ತಂಗಿ ಒಬ್ಬಳೇ ಬಂದಳು. “ಅಕ್ಕ ಹೋದ್ಳ್ರಿ.”

ಕಾಲು, ಮುಖ ಬಾತಿದ್ದವಂತೆ. ಬಳ್ಳಾರಿಗೆ ಒಯ್ಯುವ ಹೊತ್ತಿಗೆ ಮೂತ್ರಪಿಂಡಗಳೆರಡೂ ನಿಂತುಹೋಗಿದ್ದವಂತೆ. “ಮೇಡಂ ಏನರ ಹೇಳಿ ಕಳಸ್ತಾರ ಅಂತ ಫೋನ್ ನೋಡ್ಕೋತ ಇರ್ತಿದ್ಲು.”

ಹೊಸಪೇಟೆಗೆ ಮರಳಿ ಬೀರು ತೆಗೆದು ನೋಡಿದೆ: ಹದಿನೇಳರ ಮುಂದೆ ಆಕೆಯದೇ ಹೆಸರು.

ಆಕೆಯ ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿದ್ರವ, ಮಾತ್ರ ಫ್ರೀಜರಿನಲ್ಲಿ ಉಳಿಯಿತು. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಪ್ರತಿ ತಟ್ಟೆಯಲ್ಲೂ ಖಚಿತವಾಗಿ ಹಳದಿಯಾಗುವ ಒಂದು ಸೀರಂ ಹಾಕಬೇಕು. ನಮ್ಮಲ್ಲಿ ಆಕೆಯದಕ್ಕಿಂತ ಖಚಿತವಾದದ್ದು ಇರಲಿಲ್ಲ. ವರ್ಷಗಟ್ಟಲೆ ಮೊದಲ ಕುಳಿ ಆಕೆಯದೇ. “ಹದಿನೇಳು ಬಂತು ಮೇಡಂ” ಎಂದು ಹಳದಿ ಕಂಡ ವಿದ್ಯಾರ್ಥಿಗಳು ಹೇಳಿದಾಗಲೆಲ್ಲ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಎಷ್ಟೋ ಸಲ ಅಲ್ಲಿ ಯಾರೋ ಕಾದು ನಿಂತಿದ್ದಾರೆ ಅನ್ನಿಸುತ್ತಿತ್ತು.

ಕಳೆದ ವರ್ಷ ತಡೆಯಲಾಗಲಿಲ್ಲ. ತಂಗಿಯನ್ನು ಸಂಡೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮನೆ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ.

“ಆವತ್ತ ಹೇಳಿದ್ರ ಉಳೀತಿದ್ಲೇನ್ರಿ?”

“ಉಳೀಬಹುದಿತ್ತು. ಖಾತ್ರಿ ಹೇಳಾಕ ಆಗಂಗಿಲ್ಲ.”

“ಅಕಿ ರಗತ ಇನ್ನೂ ಐತೇನ್ರಿ?”

“ಸ್ವಲ್ಪ ಐತಿ.”

“ಸಾಕ್ರಿ ಇನ್ನ. ಅಕಿನ್ನ ಬಿಡ್ರಿ.”

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಚಹಾ ಕುಡಿಯುತ್ತೀರಾ ಎಂದೂ ಕೇಳಲಿಲ್ಲ. ನಾನು ಎದ್ದು ಬಂದೆ.

ಮರುದಿನವೇ ಉಳಿದ ಸೀರಂ ಅನ್ನು ನನ್ನ ಕೈಯಾರೆ ನಾಶ ಮಾಡಿದೆ. ಅದರ ಬದಲಿಗೆ ಇನ್ನೊಂದನ್ನು ಹೊಂದಿಸಿ ಹಳೆಯ ಲೆಕ್ಕವನ್ನೆಲ್ಲ ತಾಳೆ ನೋಡಲು ತಿಂಗಳುಗಳೇ ಹಿಡಿದವು. ಸಹೋದ್ಯೋಗಿಗಳು ಗೊಣಗಿದರು. ನಿಯಮವನ್ನೂ ಬದಲಿಸಿದೆವು: ಅಪಾಯದ ಸೂಚನೆ ಕಂಡ ದಿನವೇ ಪಟ್ಟಿ ತೆಗೆದು ಫೋನ್ ಮಾಡಬೇಕು.

ತಂಗಿ ನನ್ನ ಫೋನ್ ಎತ್ತುವುದಿಲ್ಲ. ಎತ್ತಲಿ ಎಂದು ಬಯಸುವ ಹಕ್ಕೂ ನನಗಿಲ್ಲ. ಹೊಸ ನಿಯಮದಿಂದಾಗಿ ಹಂಪಿಯ ಬಾಳೆ ತೋಟದಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳಿಗೆ ಸಮಯಕ್ಕೆ ತಿಳಿಸಲು ಸಾಧ್ಯವಾಯಿತು; ಔಷಧಿಯಲ್ಲಿ ಚೆನ್ನಾಗಿದ್ದಾಳೆ. ಆಗಾಗ ಫೋನ್ ಮಾಡಿ, “ನಿಮ್ಮಿಂದ ಉಳದೆ ನೋಡ್ರಿ” ಅನ್ನುತ್ತಾಳೆ. ಆಗಲೂ ನನ್ನ ಕಣ್ಣು ಬಾಗಿಲ ಕಡೆಗೇ ಹೋಗುತ್ತದೆ.