ಸಸ್ಯಾಹಾರಿ ಬರೆದ ಬೇಟೆ ಯೋಜನೆ

ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಜೋರಾಗಿ ಹೇಳುವುದಿಲ್ಲ. ಅಂಥ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಅಮೆರಿಕದ ಒಬ್ಬರಿಗೆ ಬೇಟೆಯ ಯೋಜನೆ ಬರೆದುಕೊಟ್ಟೆ. ಪ್ರವಾಸ ಹೋಗುವವರಿಗೆ ದಾರಿ, ನಕ್ಷೆ, ನಿಯಮ ಎಲ್ಲ ಇಂಟರ್‌ನೆಟ್‌ನಲ್ಲಿ ಹುಡುಕಿ ಬರೆದುಕೊಡುವುದು ನನ್ನ ಕೆಲಸ. ಸಂಸ್ಕೃತ ಮೇಷ್ಟ್ರಾಗಿದ್ದ ಅಪ್ಪ ಮನೆಗೆ ಬಂದವರಿಗೆಲ್ಲ, "ನಮ್ಮವನು ಕೂತಲ್ಲೇ ಅಮೆರಿಕದವರಿಗೆ ದಾರಿ ತೋರಿಸ್ತಾನೆ" ಅಂತ ಹೇಳಿಕೊಳ್ಳುತ್ತಿದ್ದರು. ಯಾವ ದಾರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಮನುಷ್ಯ ಶಾಲೆಯ ಬಸ್ ಓಡಿಸುವವರು, ಐವತ್ತು ದಾಟಿದವರು. ಅವರು ಹೊಡೆಯಬೇಕೆಂದಿದ್ದು ಪ್ರಾಂಗ್‌ಹಾರ್ನ್. ಅದು ಅಲ್ಲಿನ ಬಯಲಿನ ಪ್ರಾಣಿ, ನೋಡಲು ಹೆಚ್ಚುಕಡಿಮೆ ನಮ್ಮ ಕೃಷ್ಣಮೃಗದ ಹಾಗೆ. ಸರ್ಕಾರಿ ಬಯಲಿನಲ್ಲಿ ಪರವಾನಗಿ ಪಡೆದು ಅದನ್ನು ಹೊಡೆಯಲು ಅಲ್ಲಿ ಕಾನೂನಿದೆ. ಅವರಿಗೆ ಅದು ಜೀವನದ ಮೊದಲ ಬೇಟೆ. ಷರತ್ತು ಒಂದೇ: ಹೊಡೆದದ್ದನ್ನು ಪೂರ್ತಿ ತಿನ್ನಬೇಕು, ಚಳಿಗಾಲಕ್ಕೆ ಮನೆಮಂದಿಗೆಲ್ಲ ಆಗಬೇಕು, ಒಂದು ಚೂರೂ ಹಾಳಾಗಬಾರದು. ಕೊಂಬಿಗಾಗಿ ಕೊಲ್ಲುವವನು ನಾನಲ್ಲ, ಏನೂ ಹಾಳು ಮಾಡುವುದಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ ಅಂತ ಬರೆದಿದ್ದರು.

ನಾನು ಸ್ವಲ್ಪ ಜಂಬದವನು. ಲಾಟರಿಯಲ್ಲಿ ಸಿಗುವ ಪರವಾನಗಿಗೆ ಯಾವ ವಲಯದಲ್ಲಿ ಅರ್ಜಿ ಹಾಕಬೇಕು, ಸರ್ಕಾರಿ ನೆಲ ಎಲ್ಲಿ ಮುಗಿದು ಖಾಸಗಿ ಬೇಲಿ ಎಲ್ಲಿ ಶುರುವಾಗುತ್ತದೆ, ನೀರಿನ ಗುಂಡಿ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಎಲ್ಲವನ್ನೂ ಒಂದು ತಿಂಗಳು ಅರೆದು ಕುಡಿದೆ. ಉಳಿದದ್ದು ಕೊನೆಯ ಪುಟ: ಪ್ರಾಣಿ ಬಿದ್ದ ಮೇಲೆ ಏನು ಮಾಡಬೇಕು.

ಅದನ್ನು ಹುಡುಕಿದರೆ ಬರೀ ರಕ್ತದ, ಕರುಳಿನ ಫೋಟೋಗಳು. ಮನೆಯಲ್ಲಿ ಅವತ್ತು ಏಕಾದಶಿ ಬೇರೆ. ತಿಂಗಳಿಡೀ ಬೇಟೆಯ ಬಗ್ಗೆ ಬರೆದವನಿಗೆ ಅಲ್ಲಿ ಮಡಿ ನೆನಪಾಯಿತು ನೋಡಿ! ಮುಖ ಪಕ್ಕಕ್ಕೆ ತಿರುಗಿಸಿ, ಮೊದಲು ಸಿಕ್ಕ ಎಂಟು ಸಾಲು ಕಾಪಿ ಮಾಡಿ ಅಂಟಿಸಿದೆ. ಹೊಟ್ಟೆ ಖಾಲಿ ಮಾಡಿ, ಚರ್ಮ ಹಾಗೇ ಬಿಟ್ಟು, ಬೆಳಗಿನವರೆಗೆ ನೇತುಹಾಕಿ ಅಂತ ಅದರಲ್ಲಿತ್ತು. ಅದು ಹಿಮ ಬೀಳುವ ಕಾಲದ ಜಿಂಕೆ ಬೇಟೆಗೆ ಬರೆದದ್ದು. ಇವರು ಹೊರಟಿದ್ದು ಸೆಪ್ಟೆಂಬರಿನ ಬಿಸಿಲಿನಲ್ಲಿ.

ಅವರು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದರು. ನಾನು ಗುರುತು ಹಾಕಿದ ನೀರಿನ ಗುಂಡಿಯ ಹತ್ತಿರವೇ ಪ್ರಾಣಿ ಸಿಕ್ಕಿತು. ಮರುದಿನ ಮಾಂಸವೆಲ್ಲ ವಾಸನೆ ಹೊಡೆಯುತ್ತಿತ್ತಂತೆ, ಬಿಸಾಡಬೇಕಾಯಿತು. ನಿಮ್ಮ ಯೋಜನೆ ಚೆನ್ನಾಗಿತ್ತು, ತಪ್ಪು ನನ್ನದೇ ಇರಬೇಕು ಅಂತ ಬರೆದರು. ಆ ಪುಟವನ್ನು ಆಗ ಮೊದಲ ಸಲ ಓದಿದೆ. ತಪ್ಪು ನನ್ನದು ಅಂತ ಗೊತ್ತಾದ ಮೇಲೂ, ಮೊದಲ ಬೇಟೆಯಲ್ಲಿ ಇಂಥದ್ದೆಲ್ಲ ಸಹಜ, ಬೇಜಾರು ಮಾಡಿಕೊಳ್ಳಬೇಡಿ ಅಂತ ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿದೆ. ನೆನೆದರೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆ ಓದಿದ ಗೆಳೆಯ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮಟನ್ ಅಂಗಡಿ ನಡೆಸುತ್ತಾನೆ. ಇಷ್ಟು ವರ್ಷ ಅವನನ್ನು ಬಸ್ ಸ್ಟ್ಯಾಂಡ್ ಹತ್ತಿರ ಕರೆಸಿಕೊಂಡು ಟೀ ಕುಡಿದು ಬರುತ್ತಿದ್ದೆ. ಈ ಸಲ ಅಂಗಡಿಗೇ ಹೋಗಿ ಎಲ್ಲ ಹೇಳಿದೆ.

"ಚರ್ಮ ಬಿಟ್ರೆ ಬಿಸಿ ಒಳಗೇ ಉಳಿಯುತ್ತೆ ಮಾರಾಯ. ತಕ್ಷಣ ಸುಲಿದು ತಣ್ಣಗೆ ಮಾಡ್ಬೇಕು. ಒಂದು ಫೋನ್ ಮಾಡಿದ್ರೆ ಹೇಳ್ತಿರ್ಲಿಲ್ವಾ?" ಅಂದ.

ಯಾಕೆ ಮಾಡಲಿಲ್ಲ ಅಂತ ಅವನಿಗೂ ಗೊತ್ತಿತ್ತು. ಕೈ ತೊಳೆದುಕೊಂಡು ಬಂದು, ನನಗೆ ಕೂರಲು ಸ್ಟೂಲನ್ನು ಅಂಗಡಿಯ ಹೊರಗೆ ಹಾಕಿಕೊಟ್ಟ.

ಈ ವರ್ಷ ಆ ಡ್ರೈವರಿಗೆ ಮತ್ತೆ ಪರವಾನಗಿ ಸಿಕ್ಕಿತು. ಅದೇ ಯೋಜನೆಯನ್ನು ಕೇಳಿದರು. ಗೆಳೆಯ ಹೇಳಿದ್ದನ್ನು ಅಲ್ಲಿನ ಬೇಟೆಗಾರರ ಬರಹಗಳ ಜೊತೆ ತಾಳೆ ನೋಡಿ, ಫೋಟೋಗಳನ್ನೂ ಕಣ್ಣುಬಿಟ್ಟು ನೋಡಿ, ಕೊನೆಯ ಪುಟ ಹೊಸದಾಗಿ ಬರೆದೆ. ಬದಲಾಯಿಸಿದ್ದೇನೆ ಅಂತ ಮಾತ್ರ ಹೇಳದೆ ಕಳಿಸಿದೆ. ಎರಡು ದಿನಕ್ಕೆ ಪ್ರಶ್ನೆ ಬಂತು: ಹೋದ ವರ್ಷ ಚರ್ಮ ಹಾಗೇ ಬಿಡಿ ಅಂತ ಇತ್ತಲ್ಲ, ನಾನು ತಪ್ಪು ಓದಿಕೊಂಡಿದ್ದೆನಾ?

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೌದು ಅಂತ ಟೈಪ್ ಮಾಡಿಯೂ ಇದ್ದೆ. ಅದನ್ನು ಅಳಿಸಿ, ನೀವು ಓದಿದ್ದು ಸರಿ, ಮಾಂಸ ನೋಡಲು ಅಸಹ್ಯವಾಗಿ ನಾನೇ ಆ ಪುಟ ಓದದೆ ಕಳಿಸಿದ್ದೆ ಅಂತ ಬರೆದೆ.

ಐದನೆಯ ದಿನ ಒಂದೇ ಸಾಲಿನ ಉತ್ತರ ಬಂತು. ಈ ಒಂದು ವರ್ಷ ನಾನು ನನ್ನ ಮಗಳ ಮುಂದೆ ತಲೆ ತಗ್ಗಿಸಿಕೊಂಡು ಊಟ ಮಾಡಿದ್ದೇನೆ ಅಂತ ಬರೆದಿದ್ದರು.